ನಿಂತುಹೋದ ಹಳೆಯ ಪದ್ಮಿನಿ ಕಾರು ಸ್ಟಾರ್ಟ್ ಆಗದಿದ್ದರೆ ಕಾರಣ ಪತ್ತೆಹಚ್ಚುವುದು ಹೇಗೆ?

‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಕೀ ತಿರುಗಿಸಿದರೂ ಸೆಲ್ಫ್, ಎಂದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟರ್, ಅಲುಗಾಡದಿರುವುದು ಮೊದಲನೆಯದು. ಸೆಲ್ಫ್ ತಿರುಗಿದರೂ ಎಂಜಿನ್ ಭಾರ ಹೊತ್ತಂತೆ ನಿಧಾನವಾಗಿ ಉರುಳುವುದು ಎರಡನೆಯದು. ಎಂಜಿನ್ ಚೆನ್ನಾಗಿಯೇ ತಿರುಗುತ್ತಿದ್ದು, ಒಂದು ಸಲವೂ ಫೈರ್ ಆಗದಿರುವುದು (ಒಳಗೆ ಪೆಟ್ರೋಲ್ ಹೊತ್ತಿಕೊಳ್ಳದಿರುವುದು) ಮೂರನೆಯದು. ಫೈರ್ ಆಗಿ ಎರಡು ಮೂರು ಸೆಕೆಂಡ್ ಓಡಿ ನಿಂತುಬಿಡುವುದು ನಾಲ್ಕನೆಯದು. ಈ ನಾಲ್ಕರಲ್ಲಿ ನಿಮ್ಮ ಗಾಡಿಯ ದೂರು ಯಾವುದೆಂದು ಮೊದಲು ಖಚಿತಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಏಕೆಂದರೆ ಸೆಲ್ಫ್ ತಿರುಗದ ಗಾಡಿಯ ಕಾರ್ಬುರೇಟರ್ ಬಿಚ್ಚುವುದರಿಂದಲೂ, ಪೆಟ್ರೋಲ್ ಬಾರದ ಗಾಡಿಗೆ ಹೊಸ ಬ್ಯಾಟರಿ ಹಾಕುವುದರಿಂದಲೂ ಆಗುವುದು ಖರ್ಚು ಮಾತ್ರ.

ಈ ಬರಹದಲ್ಲಿ ನಾನು ಉದಾಹರಣೆಯಾಗಿ ಇಟ್ಟುಕೊಂಡಿರುವುದು ಪ್ರೀಮಿಯರ್ ಪದ್ಮಿನಿಯನ್ನು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಿಸಿ, 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿದ ಈ ಕಾರು, ಮನೆಯಲ್ಲಿಯೇ ಕೆಲಸ ಕಲಿಯಬೇಕೆನ್ನುವವರಿಗೆ ಬಹಳ ಒಳ್ಳೆಯ ಗುರು. ಇದರ 1089 ಸಿಸಿ ಎಂಜಿನ್‌ನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬ್ಯಾಟರಿ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಅದನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ ಎಲ್ಲವೂ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇವೆ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಕೊಟ್ಟಿಗೆಯಲ್ಲಿ ಏಳು ವರ್ಷ ನಿಂತಿದ್ದ ಇಂಥದೊಂದು ಗಾಡಿಯನ್ನು ಮನೆಗೆ ತಂದು, ಅದು ಮತ್ತೆ ಉಸಿರಾಡುವಂತೆ ಮಾಡುವ ತನಕ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಬಾಸಿಡರ್ ಇರುವವರಿಗೂ, ಸಿಬಿ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಾಯಿಲ್ಲಿನ ಕರೆಂಟನ್ನು ಕಡಿಯುವ ಸ್ವಿಚ್) ಮತ್ತು ಕಾರ್ಬುರೇಟರ್ ಇರುವ ಬೇರಾವ ಹಳೆಯ ಪೆಟ್ರೋಲ್ ಕಾರು ಇರುವವರಿಗೂ ಇದೇ ಕ್ರಮ ಹೊಂದುತ್ತದೆ.

ಬೇಕಾಗುವ ಸಲಕರಣೆಗಳು ಹೆಚ್ಚೇನಿಲ್ಲ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಎರಡು ತುಂಡು ವೈರಿಗೆ ಮೂರರಿಂದ ಐದು ವ್ಯಾಟ್‌ನ 12 ವೋಲ್ಟ್ ಬಲ್ಬ್ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್, ಪ್ಲಗ್ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಜಂಪರ್ ಕೇಬಲ್, ಒಂದು ಗಾಜಿನ ಬಾಟಲಿ, ಕೊನೆಯ ಪರೀಕ್ಷೆಗೊಂದು ಕಂಪ್ರೆಶನ್ ಗೇಜ್, ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ನೋಟ್‌ಬುಕ್ಕನ್ನು ನಾನು ಸುಮ್ಮನೆ ಸೇರಿಸಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮೊದಲು ಮತ್ತು ಬದಲಿಸಿದ ನಂತರ ಏನಾಯಿತೆಂದು ಬರೆದಿಡದಿದ್ದರೆ ಮೂರನೆಯ ದಿನದ ಹೊತ್ತಿಗೆ ಯಾವ ತೊಂದರೆ ಮೊದಲಿನಿಂದಲೂ ಇದ್ದದ್ದು, ಯಾವುದು ನಮ್ಮ ಕೈಯಿಂದಲೇ ಆದದ್ದು ಎಂಬುದು ತಿಳಿಯದಂತಾಗುತ್ತದೆ. ಗಾಡಿಯನ್ನು ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು, ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಕೈಗೆಟುಕುವಂತೆ ಇಟ್ಟುಕೊಂಡ ಮೇಲೆಯೇ ಕೆಲಸ ಆರಂಭಿಸಬೇಕು. ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಒಂದೇ ಹೊತ್ತಿನಲ್ಲಿ ಪರೀಕ್ಷಿಸಬಾರದು ಎಂಬ ನಿಯಮವನ್ನು ಯಾವ ಅವಸರದಲ್ಲಿಯೂ ಮುರಿಯಬೇಡಿ.

ಬಹಳ ಕಾಲ ನಿಂತ ಗಾಡಿಯಾದರೆ

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯುವುದು ತಪ್ಪು. ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯ ಪದರ ಎಂದೋ ಒಣಗಿ, ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಅಂಟಿಕೊಂಡಿರುವ ಸಾಧ್ಯತೆ ಇರುತ್ತದೆ. ಪ್ಲಗ್ ವೈರುಗಳಿಗೆ 1, 2, 3, 4 ಎಂದು ಗುರುತು ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಕನಿಷ್ಠ ಒಂದು ರಾತ್ರಿ ಹಾಗೆಯೇ ಇರಿಸಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲಿ ತಿರುಗಿಸಿ ನೋಡಿ. ಎರಡು ಸುತ್ತು ಸರಾಗವಾಗಿ ಬಂದರೆ ಎಂಜಿನ್ ಹಿಡಿದುಕೊಂಡಿಲ್ಲವೆಂದು ಅರ್ಥ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲಪ್ರಯೋಗ ಮಾಡದೆ ಮತ್ತೆ ಎಣ್ಣೆ ಬಿಟ್ಟು ಕಾಯಬೇಕು.

ಈ ಹಂತದಲ್ಲಿಯೇ ಏರ್ ಕ್ಲೀನರ್ ಡಬ್ಬಿಯನ್ನು ತೆರೆದು ನೋಡಿ, ಸೈಲೆನ್ಸರ್ ಬಾಯಿಗೆ ಟಾರ್ಚ್ ಹಿಡಿಯಿರಿ. ಹಳ್ಳಿಯ ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಇಲಿಗಳು ಸಂಸಾರ ಹೂಡದೆ ಬಿಡುವುದಿಲ್ಲ. ನನ್ನ ಗಾಡಿಯ ಏರ್ ಕ್ಲೀನರಿನೊಳಗೆ ಅಡಿಕೆ ಸಿಪ್ಪೆ, ಹರಿದ ಗೋಣಿನಾರು, ಸೀಟಿನ ಸ್ಪಂಜು ಸೇರಿ ಒಂದು ಬೊಗಸೆಯಷ್ಟು ಕಸ ತುಂಬಿತ್ತು. ಹೊಗೆ ಹೊರಹೋಗದ, ಗಾಳಿ ಒಳಬಾರದ ಎಂಜಿನ್ ಎಷ್ಟು ತಿರುಗಿಸಿದರೂ ಸ್ಟಾರ್ಟ್ ಆಗದು. ಇಲಿ ಕಡಿದ ವೈರುಗಳಿದ್ದರೆ ಬ್ಯಾಟರಿ ಜೋಡಿಸುವ ಮೊದಲೇ ಅವುಗಳಿಗೆ ಟೇಪು ಸುತ್ತಬೇಕು ಅಥವಾ ವೈರು ಬದಲಿಸಬೇಕು.

ಸೆಲ್ಫ್ ತಿರುಗದಿದ್ದರೆ, ಅಥವಾ ಸೋತಂತೆ ತಿರುಗಿದರೆ

ಮೊದಲು ಬ್ಯಾಟರಿಯ ಎರಡು ಪೋಸ್ಟ್‌ಗಳ ಮೇಲೆ ಮೀಟರ್ ಇಡಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸದೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬಬೇಡಿ. ನಂತರ ಕಾಯಿಲ್‌ಗೆ ಬರುವ ವೈರನ್ನು ಕಳಚಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸುತ್ತ ಮೀಟರ್ ನೋಡಿ. ವೋಲ್ಟೇಜು 9.6ಕ್ಕಿಂತ ಕೆಳಗಿಳಿದರೆ ಒಂದೋ ಬ್ಯಾಟರಿಯ ಆಯಸ್ಸು ಮುಗಿದಿದೆ, ಇಲ್ಲವೇ ಸೆಲ್ಫ್ ಮೋಟರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ.

ಮೀಟರ್ ಇಲ್ಲದಿದ್ದರೆ ಹೆಡ್‌ಲೈಟೇ ಸಾಕ್ಷಿ ಹೇಳುತ್ತದೆ. ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಬೆಳಕು ಪೂರ್ತಿ ಆರಿದರೆ ಬ್ಯಾಟರಿಯಲ್ಲಿ ಅಥವಾ ಅದರ ಟರ್ಮಿನಲ್‌ನಲ್ಲಿ ದೋಷವಿದೆ. ಬೆಳಕು ಸ್ವಲ್ಪವೂ ಮಂಕಾಗದೆ, ಸೆಲ್ಫ್ ಕೂಡ ಮಿಸುಕದಿದ್ದರೆ ಸೆಲ್ಫಿಗೆ ಕರೆಂಟೇ ತಲುಪುತ್ತಿಲ್ಲ. ಆಗ ಕೀ ಸ್ವಿಚ್, ಸೆಲ್ಫಿಗೆ ಕರೆಂಟ್ ಕೊಡುವ ಸೊಲೆನಾಯ್ಡ್, ಅವುಗಳ ನಡುವಿನ ವೈರುಗಳನ್ನು ನೋಡಬೇಕು. ಬೆಳಕು ಸಾಕಷ್ಟು ಇಳಿದು ‘ಟಕ್’ ಎಂಬ ಸದ್ದು ಮಾತ್ರ ಬಂದರೆ ಸೆಲ್ಫಿನ ಪಿನಿಯನ್ (ತುದಿಯ ಹಲ್ಲಿನ ಚಕ್ರ) ಸಿಕ್ಕಿಹಾಕಿಕೊಂಡಿರಬಹುದು ಅಥವಾ ಎಂಜಿನ್ನೇ ಬಿಗಿದಿರಬಹುದು. ಪಿನಿಯನ್ ಸಿಕ್ಕಿಕೊಂಡಿದ್ದರೆ ಕೀ ತೆಗೆದು, ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದಕ್ಕೂ ಮುಂದಕ್ಕೂ ಒಂದೆರಡು ಸಲ ತಳ್ಳಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ಸೋತಂತೆ ತಿರುಗಿದರೆ ಬಹುತೇಕರು ಸೆಲ್ಫ್ ಮೋಟರನ್ನು ಬಿಚ್ಚಿ ಬುಷ್ ಹಾಕಿಸಲು ಒಯ್ಯುತ್ತಾರೆ. ನಾನೂ ಒಯ್ದಿದ್ದೆ, ದುಡ್ಡು ಕೊಟ್ಟಿದ್ದೆ, ಮರಳಿ ಕೂರಿಸಿದ ಮೇಲೂ ಎಂಜಿನ್ ಹಾಗೆಯೇ ನರಳುತ್ತಿತ್ತು. ಆಗ ಮಾಡಿದ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಅಷ್ಟೂ ಶ್ರಮ ಉಳಿಯುತ್ತಿತ್ತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಎರಡೂ ಒಂದೇ ಅರ್ತ್ (ಕರೆಂಟು ಬ್ಯಾಟರಿಗೆ ಮರಳುವ ಲೋಹದ ದಾರಿ) ಆದ್ದರಿಂದ ಅಲ್ಲಿ ಹೆಚ್ಚೆಂದರೆ 0.3 ವೋಲ್ಟ್ ಕಾಣಬೇಕು. ನನ್ನ ಗಾಡಿಯಲ್ಲಿ 2 ವೋಲ್ಟ್ ದಾಟಿತ್ತು. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಬಾಡಿಗೂ ಕರೆಂಟಿನ ಸಂಬಂಧ ಕಲ್ಪಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ ಮಾತ್ರ. ಹಿಂದೆ ಯಾರೋ ಗಾಡಿಗೆ ಬಣ್ಣ ಹೊಡೆಸುವಾಗ ಆ ಪಟ್ಟಿಯ ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಿದ್ದು, ಅದರ ಮೇಲೆಯೇ ಪಟ್ಟಿಯನ್ನು ಬಿಗಿದಿದ್ದರು. ಪಟ್ಟಿ ಕೆಟ್ಟಾಗ ಕರೆಂಟು ಸುಮ್ಮನಿರದೆ ಚೋಕ್ ಕೇಬಲ್ಲಿನ ಮೂಲಕವೋ ಆಕ್ಸಿಲರೇಟರ್ ಕೇಬಲ್ಲಿನ ಮೂಲಕವೋ ದಾರಿ ಹುಡುಕಿಕೊಳ್ಳುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿ ನೋಡಿದಾಗ ಅದು ಬಿಸಿಯಾಗಿದ್ದರೆ ಬೇರೆ ಪುರಾವೆ ಬೇಕಾಗಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಬ್ಲಾಕಿಗೆ ಜಂಪರ್ ಕೇಬಲ್ ಕೊಟ್ಟೊಡನೆ ಎಂಜಿನ್ ಚುರುಕಾಗಿ ತಿರುಗಿದ್ದರಿಂದ ನನ್ನ ಸಂಶಯ ತೀರಿತು. ಬಣ್ಣವನ್ನು ಎಮರಿ ಕಾಗದದಿಂದ ತಿಕ್ಕಿ ತೆಗೆದು, ಪಟ್ಟಿಯನ್ನು ಮತ್ತೆ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದ್ದಷ್ಟೇ ದುರಸ್ತಿ.

ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ ಸಲ್ಲುತ್ತದೆ. ಬ್ಯಾಟರಿಯ ಪಾಸಿಟಿವ್ ಪೋಸ್ಟಿಗೂ ಸೆಲ್ಫಿನ ದಪ್ಪ ಟರ್ಮಿನಲ್ಲಿಗೂ ನಡುವೆ, ಸೆಲ್ಫ್ ತಿರುಗುತ್ತಿರುವಾಗ, ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಡ್ಡಿಯನ್ನು ಕೇಬಲ್ಲಿನ ಕ್ಲಾಂಪಿನ ಮೇಲಲ್ಲ, ಸೀಸದ ಪೋಸ್ಟಿನ ಮೇಲೆಯೇ ಇಡಬೇಕು. ಏಕೆಂದರೆ ಪೋಸ್ಟಿಗೂ ಕ್ಲಾಂಪಿಗೂ ನಡುವಿನ ಬಿಳಿಯ ಹುಡಿಯೇ ಅನೇಕ ಸಲ ಕಳ್ಳನಾಗಿರುತ್ತದೆ. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆಂಬುದನ್ನೂ ನೆನಪಿಡಿ. ಅಂಥ ಗಾಡಿಗೆ ಬ್ಯಾಟರಿಯನ್ನು ಅಭ್ಯಾಸಬಲದಿಂದ ಉಲ್ಟಾ ಜೋಡಿಸಬೇಡಿ.

ಎಂಜಿನ್ ತಿರುಗುತ್ತದೆ, ಫೈರ್ ಆಗುವುದಿಲ್ಲ

ಇಲ್ಲಿಂದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಕಿಡಿ ಬರುತ್ತಿಲ್ಲ, ಅಥವಾ ಪೆಟ್ರೋಲ್ ಬರುತ್ತಿಲ್ಲ. ಮೂರನೆಯ ಕಾರಣವಾದ ಕಂಪ್ರೆಶನ್, ಎಂದರೆ ಸಿಲಿಂಡರಿನೊಳಗಿನ ಒತ್ತಡದ ಕೊರತೆ, ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ನಾನು ಯಾವಾಗಲೂ ಕಿಡಿಯಿಂದಲೇ ಆರಂಭಿಸುತ್ತೇನೆ. ಏಕೆಂದರೆ ಅದನ್ನು ಐದು ನಿಮಿಷದಲ್ಲಿ ಕಣ್ಣಾರೆ ಕಾಣಬಹುದು.

ಚೆನ್ನಾಗಿರುವ ಪ್ಲಗ್ ಒಂದನ್ನು ಪ್ಲಗ್ ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಬ್ಲಾಕಿಗೆ ಗಟ್ಟಿಯಾಗಿ ತಾಗುವಂತೆ ಜಂಪರ್ ಕೇಬಲ್ಲಿನಿಂದ ಕಚ್ಚಿಸಿಟ್ಟು ಸೆಲ್ಫ್ ಹೊಡೆಸಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ; ತೆರೆದ ಪ್ಲಗ್ ರಂಧ್ರದ ಹತ್ತಿರವೂ, ಕಾರ್ಬುರೇಟರಿನ ಹತ್ತಿರವೂ ಇಡಬೇಡಿ. ಹಗಲು ಬೆಳಕಿನಲ್ಲಿಯೂ ಕಾಣುವ, ‘ಚಟ್ ಚಟ್’ ಎಂದು ಸದ್ದು ಮಾಡುವ ನೀಲಿ ಕಿಡಿ ಬಂದರೆ ಕಾಯಿಲ್ಲಿನಿಂದ ಪ್ಲಗ್ಗಿನವರೆಗಿನ ದಾರಿ ಸರಿಯಾಗಿದೆ. ಕೆಂಪಗೆ ಅಥವಾ ಹಳದಿಯಾಗಿ, ಎಳೆ ಎಳೆಯಾಗಿ ಬರುವ ಕಿಡಿ ಗಾಳಿಯಲ್ಲಿ ಕಂಡರೂ ಸಿಲಿಂಡರಿನ ಒತ್ತಡದೊಳಗೆ ಹಾರಲಾರದು. ಅದನ್ನು ಕಿಡಿಯೆಂದು ಲೆಕ್ಕಕ್ಕೆ ಹಿಡಿಯಬಾರದು.

ಕಿಡಿ ಬಾರದಿದ್ದರೆ ಹಿಂದಕ್ಕೆ ನಡೆಯಬೇಕು. ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ವೈರನ್ನು ಕ್ಯಾಪಿನಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರದಲ್ಲಿಟ್ಟು ನೋಡಿ. ಅಲ್ಲಿ ಒಳ್ಳೆಯ ಕಿಡಿ ಇದ್ದು ಪ್ಲಗ್ಗಿಗೆ ಬರುತ್ತಿಲ್ಲವೆಂದರೆ ತಪ್ಪು ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ, ಅದರೊಳಗೆ ತಿರುಗುವ ರೋಟರಿನಲ್ಲಿ ಅಥವಾ ಪ್ಲಗ್ ವೈರುಗಳಲ್ಲಿ ಇದೆ. ಕ್ಯಾಪಿನ ಒಳಗೆ ನಡುವೆ ಸ್ಪ್ರಿಂಗಿನ ಮೇಲೆ ಕುಳಿತ ಪುಟ್ಟ ಕಾರ್ಬನ್ ಕಡ್ಡಿ ಇದೆಯೇ, ಬೆರಳಿನಿಂದ ಒತ್ತಿದರೆ ಪುಟಿಯುತ್ತದೆಯೇ ನೋಡಿ. ಒಳಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕರೆಂಟು ಆ ಗೆರೆಯ ಮೇಲೆ ಸೋರಿಹೋಗುತ್ತಿದೆ. ಕ್ಯಾಪ್ ಬದಲಿಸುವುದೇ ಪರಿಹಾರ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಪಿನೊಳಗೆ ಬರಿಯ ತೇವ ಕೂತು ಗಾಡಿ ಹಟ ಹಿಡಿಯುವುದುಂಟು. ಒಣ ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟರೆ ಅದು ಸರಿಹೋಗುತ್ತದೆ. ರೋಟರಿಗೆ ಬೇರೆಯದೇ ಪರೀಕ್ಷೆ ಇದೆ. ಕ್ಯಾಪ್ ತೆಗೆದು, ಕಾಯಿಲ್ಲಿನ ದಪ್ಪ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಯ ಪಟ್ಟಿಯಿಂದ ಕೂದಲೆಳೆ ದೂರದಲ್ಲಿ ಹಿಡಿದು ಸೆಲ್ಫ್ ಹೊಡೆದಾಗ ಕಿಡಿ ರೋಟರಿಗೆ ಹಾರಿದರೆ, ರೋಟರಿನ ಪ್ಲಾಸ್ಟಿಕ್ ಒಡೆದು ಕೆಳಗಿನ ಶಾಫ್ಟಿಗೆ ಕರೆಂಟ್ ಇಳಿಯುತ್ತಿದೆ ಎಂದು ತಿಳಿಯಬೇಕು.

ಕಾಯಿಲ್ಲಿನ ವೈರಿನಲ್ಲಿಯೂ ಕಿಡಿ ಇಲ್ಲದಿದ್ದಾಗ ಟೆಸ್ಟ್ ಲ್ಯಾಂಪ್ ಕೈಗೆತ್ತಿಕೊಳ್ಳಿ. ಕೀ ಆನ್ ಮಾಡಿ, ಲ್ಯಾಂಪಿನ ಒಂದು ವೈರನ್ನು ಅರ್ತಿಗೂ ಇನ್ನೊಂದನ್ನು ಕಾಯಿಲ್ಲಿನ ಪಾಸಿಟಿವ್ ಟರ್ಮಿನಲ್ಲಿಗೂ ತಾಗಿಸಿ. ಉರಿಯದಿದ್ದರೆ ಕೀ ಸ್ವಿಚ್ಚಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ಕರೆಂಟು ನಿಂತಿದೆ. ಉರಿದರೆ ಅದನ್ನು ನೆಗೆಟಿವ್ ಟರ್ಮಿನಲ್ಲಿಗೆ, ಎಂದರೆ ಡಿಸ್ಟ್ರಿಬ್ಯೂಟರಿಗೆ ಸಣ್ಣ ವೈರು ಹೋಗುವ ಕಡೆಗೆ, ಬದಲಿಸಿ ಸೆಲ್ಫ್ ಹೊಡೆಸಿ. ಪಾಯಿಂಟುಗಳು ತೆರೆದಾಗಲೆಲ್ಲ ಲ್ಯಾಂಪ್ ಉರಿದು, ಮುಚ್ಚಿದಾಗಲೆಲ್ಲ ಆರಿ, ಒಟ್ಟಿನಲ್ಲಿ ಮಿನುಗುತ್ತಿರಬೇಕು. ಈ ಒಂದು ಮಿನುಗಿನಿಂದ ತಿಳಿಯುವಷ್ಟು ವಿಷಯ ಬೇರೆ ಯಾವ ಪರೀಕ್ಷೆಯಿಂದಲೂ ತಿಳಿಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಲ್ಯಾಂಪ್ ಬಿಡದೆ ಉರಿಯುತ್ತಿದ್ದರೆ ಪಾಯಿಂಟುಗಳು ಮುಚ್ಚುತ್ತಲೇ ಇಲ್ಲ, ಅಥವಾ ಮುಚ್ಚಿದರೂ ಅವುಗಳ ಮುಖದ ಮೇಲಿನ ಕಿಟ್ಟದಿಂದಾಗಿ ಕರೆಂಟು ದಾಟುತ್ತಿಲ್ಲ. ಒಮ್ಮೆಯೂ ಉರಿಯದಿದ್ದರೆ ಒಂದೋ ಕಾಯಿಲ್ ಒಳಗೆ ಕಡಿದುಹೋಗಿದೆ, ಇಲ್ಲವೇ ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲಿಯೋ ಸದಾಕಾಲ ಅರ್ತ್ ಆಗುತ್ತಿದೆ. ಇವೆರಡರಲ್ಲಿ ಯಾವುದೆಂದು ತಿಳಿಯಲು ಆ ಸಣ್ಣ ವೈರನ್ನು ಕಾಯಿಲ್ಲಿನಿಂದ ಕಳಚಿ ನೋಡಬೇಕು: ಕಳಚಿದ ಕೂಡಲೆ ಲ್ಯಾಂಪ್ ಹೊತ್ತಿಕೊಂಡರೆ ಕಾಯಿಲ್ ನಿರ್ದೋಷಿ, ತಪ್ಪು ಡಿಸ್ಟ್ರಿಬ್ಯೂಟರಿನದು.

ಹೊಸ ಸಿಬಿ ಪಾಯಿಂಟ್ ಸೆಟ್ ಹಾಕಿದ ಮೇಲೆಯೇ ಕಿಡಿ ಪೂರ್ತಿ ನಿಂತುಹೋಯಿತು ಎಂಬುದು ಸಾಮಾನ್ಯ ದೂರು, ಮತ್ತು ನನ್ನ ಗಾಡಿಯಲ್ಲಿ ಆದದ್ದೂ ಅದೇ. ಲ್ಯಾಂಪ್ ಉರಿಯಲಿಲ್ಲ, ಸಣ್ಣ ವೈರು ಕಳಚಿದೊಡನೆ ಉರಿಯಿತು. ಪಾಯಿಂಟ್ ಸೆಟ್ಟನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ಹರಡಿ ನೋಡಿದೆ. ಚಲಿಸುವ ಪಾಯಿಂಟಿನ ಸ್ಪ್ರಿಂಗು, ಕಾಯಿಲ್ಲಿನ ವೈರು ಮತ್ತು ಪಾಯಿಂಟುಗಳ ನಡುವೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರಿನ ವೈರು ಈ ಮೂರೂ ಒಂದೇ ಸಣ್ಣ ಕಂಬಕ್ಕೆ ಬಂದು ಸೇರುತ್ತವೆ. ಅವು ಮೂರೂ ಒಂದಕ್ಕೊಂದು ತಾಗಿರಬೇಕು, ಆದರೆ ಕೆಳಗಿನ ತಟ್ಟೆಗೆ ತಾಗಲೇಬಾರದು. ಅದಕ್ಕಾಗಿಯೇ ಶರ್ಟಿನ ಗುಂಡಿಗಿಂತಲೂ ಚಿಕ್ಕದಾದ, ಕೆಂಗಂದು ಬಣ್ಣದ ಒಂದು ಫೈಬರ್ ವಾಷರನ್ನು ಕೊಟ್ಟಿರುತ್ತಾರೆ. ನಾನು ಅದನ್ನು ಸ್ಪ್ರಿಂಗಿನ ಕೆಳಗೆ ಹಾಕುವ ಬದಲು ನಟ್ಟಿನ ಕೆಳಗೆ ಹಾಕಿದ್ದೆ. ಪಾಯಿಂಟ್ ತೆರೆದಿದ್ದರೂ ಸ್ಪ್ರಿಂಗಿನ ಮೂಲಕ ಕರೆಂಟು ತಟ್ಟೆಗೆ ಇಳಿದುಹೋಗುತ್ತಿತ್ತು. ಹಳೆಯ ಸೆಟ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಪಾಯಿಂಟಿನ ಮುಖಗಳನ್ನು ಸಣ್ಣ ಅರದಿಂದ ಅಥವಾ ನಯವಾದ ಎಮರಿ ಕಾಗದದಿಂದ ಹಗುರವಾಗಿ ತಿಕ್ಕಿ, ಶುಭ್ರವಾದ ಬಟ್ಟೆಯಿಂದ ಒರೆಸಬೇಕು. ಹೊಸ ಪಾಯಿಂಟುಗಳ ಮೇಲೆಯೂ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯ ಪದರ ಇರುತ್ತದೆ. ಅದನ್ನು ಒರೆಸದೆ ಹಾಕಿದರೂ ಕಿಡಿ ಬರುವುದಿಲ್ಲ. ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರ್ತಿ ಎತ್ತಿರುವಾಗ ಗ್ಯಾಪ್ 0.4ರಿಂದ 0.5 ಮಿಲಿಮೀಟರಿನೊಳಗೆ ಬರುವಂತೆ ಬಿಗಿಯಬೇಕು. ಕಾಯಿಲ್ಲಿನ ಪ್ರೈಮರಿಯನ್ನು, ಎರಡೂ ವೈರು ಕಳಚಿ, ಮೀಟರಿನಲ್ಲಿ ಅಳೆದಾಗ ಸಾಮಾನ್ಯ 12 ವೋಲ್ಟ್ ಕಾಯಿಲ್ ಸುಮಾರು 3 ಓಮ್ ತೋರಿಸುತ್ತದೆ. ಕರೆಂಟನ್ನು ಮಿತಿಯಲ್ಲಿಡುವ ಬಲಾಸ್ಟ್ ರೆಸಿಸ್ಟರ್ ಜೊತೆ ಬಳಸುವ ಕಾಯಿಲ್ ಅದರ ಅರ್ಧದಷ್ಟು ತೋರಿಸುತ್ತದೆ. ಎರಡನೆಯ ಬಗೆಯದನ್ನು ರೆಸಿಸ್ಟರ್ ಇಲ್ಲದ ಗಾಡಿಗೆ ಹಾಕಿದರೆ ಕಾಯಿಲ್ಲೂ ಪಾಯಿಂಟೂ ಬೇಗ ಸುಡುತ್ತವೆ.

ಕಂಡೆನ್ಸರಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಾಯಿಂಟುಗಳ ನಡುವೆ ದೊಡ್ಡ ಹಳದಿ ಕಿಡಿ ಹಾರುತ್ತಿದ್ದು ಪ್ಲಗ್ಗಿನಲ್ಲಿ ಸಪ್ಪೆ ಕಿಡಿ ಬರುತ್ತಿದ್ದರೆ ಕಂಡೆನ್ಸರ್ ಸತ್ತಿದೆ ಎಂದು ತಿಳಿಯಬಹುದು. ಆದರೆ ಇಂದು ಪೊಟ್ಟಣದಲ್ಲಿ ಸಿಗುವ ಹೊಸ ಕಂಡೆನ್ಸರುಗಳೆಲ್ಲ ಒಳ್ಳೆಯವೆಂದು ನಂಬುವಂತಿಲ್ಲ. ಹೊಸದು ಹಾಕಿ ಕೆಲವು ಕಿಲೋಮೀಟರಿನೊಳಗೆ ಕೈಕೊಟ್ಟ ಅನುಭವ ಹಳೆಯ ಗಾಡಿ ಇಟ್ಟುಕೊಂಡ ಹಲವರಿಗಿದೆ. ಆದ್ದರಿಂದ ಕೆಲಸ ಮಾಡುತ್ತಿರುವ ಹಳೆಯ ಕಂಡೆನ್ಸರನ್ನು ‘ಇರಲಿ’ ಎಂದು ಬದಲಿಸಬೇಡಿ; ಬದಲಿಸಿದರೂ ಹಳೆಯದನ್ನು ಡ್ಯಾಶಿನ ಖಾನೆಯಲ್ಲಿಯೇ ಇಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ನಿಮ್ಮ ಹಳೆಯ ಬಿಡಿಭಾಗವನ್ನು ಜೊತೆಗೆ ಒಯ್ದು, ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳುವುದು ಒಳ್ಳೆಯದು.

ಕಿಡಿ ಇದೆ, ಪೆಟ್ರೋಲ್ ಇಲ್ಲ

ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯಿಗೆ ಒಂದು ಟೀ ಚಮಚದಷ್ಟು ಪೆಟ್ರೋಲ್ ಬಿಟ್ಟು, ಪೆಟ್ರೋಲ್ ಪಾತ್ರೆಯನ್ನು ದೂರವಿಟ್ಟು, ಏರ್ ಕ್ಲೀನರ್ ಮುಚ್ಚಿದ ಮೇಲೆ ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿರುವಾಗ ಪೆಟ್ರೋಲ್ ಸುರಿಯುವ ಧೈರ್ಯ ಯಾರೂ ಮಾಡಬಾರದು. ಒಂದು ಸಲ ಬ್ಯಾಕ್‌ಫೈರ್ ಆದರೆ ಮುಖ ಸುಡುತ್ತದೆ. ಎಂಜಿನ್ ಎರಡು ಕ್ಷಣ ಓಡಿ ನಿಂತರೆ ಕಿಡಿ, ಟೈಮಿಂಗ್ (ಕಿಡಿ ಹಾರುವ ಸಮಯ), ಕಂಪ್ರೆಶನ್ ಮೂರೂ ಒಂದು ಮಟ್ಟಕ್ಕೆ ಸರಿಯಾಗಿದ್ದು, ಪೆಟ್ರೋಲ್ ಮಾತ್ರ ತಲುಪುತ್ತಿಲ್ಲವೆಂಬುದು ಸಿದ್ಧವಾಯಿತು.

ಪತ್ತೆಯನ್ನು ಟ್ಯಾಂಕಿನಿಂದ ಆರಂಭಿಸಿ. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಿಸದೆ ಇಡಿ. ವಾರ್ನಿಷಿನಂತೆ ಕಟುವಾದ ವಾಸನೆ ಬಂದರೆ, ಬಣ್ಣ ಕಡು ಕಂದಾಗಿದ್ದರೆ ಪೆಟ್ರೋಲ್ ಹಳಸಿದೆ. ತಳದಲ್ಲಿ ಬೇರೆಯದೇ ಒಂದು ಪದರ ನಿಂತರೆ ಅದು ನೀರು, ಅಥವಾ ನೀರು ಹೀರಿಕೊಂಡ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದ ನಂತರ ಬಂಕುಗಳಲ್ಲಿ ಅದೇ ಸಾಮಾನ್ಯವಾಗುತ್ತ ಬಂದಿದೆ. ನಮ್ಮ ಗಾಡಿಗಳ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ತೆಳು ಪರದೆ), ಗ್ಯಾಸ್ಕೆಟ್ ಇವು ಯಾವುವೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಕಸವನ್ನು ಬಿಡಿಸಿ ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ರಂಧ್ರಕ್ಕೆ) ಕಳುಹಿಸುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿಯೇ ನಿಲ್ಲಿಸಬೇಕು. ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವ ಹೊಸ ಪೈಪುಗಳಿಗೆ ಬದಲಿಸುವುದನ್ನು ಮುಂದೂಡಬಾರದು.

ಟ್ಯಾಂಕ್ ಶುದ್ಧವಾದ ಮೇಲೆ, ಕಾಯಿಲ್ ವೈರು ಕಳಚಿಟ್ಟು, ಕಾರ್ಬುರೇಟರಿಗೆ ಬರುವ ಪೈಪನ್ನು ಬಿಡಿಸಿ ಬಾಟಲಿಯೊಳಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿ. ಎಸಿ ಪಂಪ್ ಸರಿಯಾಗಿದ್ದರೆ ಪೆಟ್ರೋಲ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ಬಾರದಿದ್ದರೆ ತಪ್ಪನ್ನು ಕೂಡಲೇ ಪಂಪಿನ ಮೇಲೆ ಹೊರಿಸಬೇಡಿ. ಪಂಪು ಎಳೆಯುವ ಕಡೆಯ ಪೈಪಿನಲ್ಲಿ ಕೂದಲಿನಷ್ಟು ಬಿರುಕಿದ್ದರೂ ಅದು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಹೊರಗೆ ತೊಟ್ಟೂ ಸೋರದಿರುವುದರಿಂದ ಈ ಬಿರುಕು ಕಣ್ಣಿಗೆ ಬೀಳುವುದೇ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದಾಗ ‘ಸುಂಯ್’ ಎಂದು ಗಾಳಿ ಒಳಸೇರಿದರೆ ಟ್ಯಾಂಕಿನ ಗಾಳಿಕಂಡಿ ಮುಚ್ಚಿದೆ. ಇವೆರಡೂ ಅಲ್ಲವೆಂದಾದರೆ ಪಂಪ್ ಬಿಚ್ಚಬೇಕು. ಬಿಚ್ಚುವ ಮೊದಲು ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ: ಪೆಟ್ರೋಲಿನ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ, ಹರಿದ ಡಯಾಫ್ರಾಮಿನ ಮೂಲಕ ಪೆಟ್ರೋಲ್ ಎಂಜಿನ್ನಿನ ತಳದ ಆಯಿಲ್ ಸಂಪ್‌ಗೆ ಇಳಿದಿದೆ. ಅಂಥ ಎಂಜಿನ್ನನ್ನು ಆಯಿಲ್ ಬದಲಿಸದೆ ಒಂದು ನಿಮಿಷವೂ ಓಡಿಸಬಾರದು.

ಪೆಟ್ರೋಲ್ ಕಾರ್ಬುರೇಟರಿನವರೆಗೆ ಬರುತ್ತಿದ್ದೂ ಎಂಜಿನ್ ಹಸಿದಂತೆ ವರ್ತಿಸಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ನೀಡಲ್ ವಾಲ್ವ್ ಗೋಂದಿನಂಥ ಅಂಟಿನಿಂದ ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿರಬಹುದು, ಅಥವಾ ಜೆಟ್ ಕಟ್ಟಿರಬಹುದು. ಜೆಟ್ಟಿನ ರಂಧ್ರಕ್ಕೆ ಗಾಳಿ ಊದಿ ತೆರೆಯಬೇಕೇ ಹೊರತು ಗುಂಡುಸೂಜಿಯನ್ನಾಗಲಿ ತಂತಿಯನ್ನಾಗಲಿ ತೂರಿಸಬಾರದು. ಹಿತ್ತಾಳೆ ಮೆತ್ತನೆಯ ಲೋಹವಾದ್ದರಿಂದ ರಂಧ್ರ ದೊಡ್ಡದಾಗಿ ಮುಂದೆ ಎಂದೂ ಮಿಶ್ರಣ ಸರಿಬರುವುದಿಲ್ಲ. ನೀಡಲ್ ತೆರೆದ ಸ್ಥಿತಿಯಲ್ಲಿ ಹಿಡಿದಿದ್ದರೆ ಇದಕ್ಕೆ ವಿರುದ್ಧವಾಗಿ ಪೆಟ್ರೋಲ್ ಓವರ್ ಆಗುತ್ತದೆ, ಪ್ಲಗ್ಗುಗಳು ಒದ್ದೆಯಾಗಿ ಹೊರಬರುತ್ತವೆ. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಲೋಟ್ ಚೇಂಬರನ್ನು ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ನೀಡಲ್ ಕೂತುಕೊಳ್ಳುತ್ತದೆ. ಪ್ಲಗ್ ಒಣಗಿಸಿ ಹಾಕಿ, ಚೋಕ್ ಪೂರ್ತಿ ಒಳತಳ್ಳಿ, ಆಕ್ಸಿಲರೇಟರನ್ನು ತುಳಿದು ತುಳಿದು ಬಿಡದೆ ಒಂದೇ ಸಮನೆ ಕೊನೆಯವರೆಗೆ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಹೆಚ್ಚಿನ ಪೆಟ್ರೋಲ್ ಹೊರಬಿದ್ದು ಎಂಜಿನ್ ಫೈರ್ ಆಗುತ್ತದೆ.

ಕಿಡಿಯೂ ಇದೆ, ಪೆಟ್ರೋಲೂ ಇದೆ

ಇಂಥ ಸಂದರ್ಭದಲ್ಲಿ ಮೊದಲು ಪ್ಲಗ್ ವೈರುಗಳ ಕ್ರಮವನ್ನು ನೋಡಬೇಕು. ಪದ್ಮಿನಿಯ ಫೈರಿಂಗ್ ಆರ್ಡರ್, ಎಂದರೆ ಸಿಲಿಂಡರುಗಳು ಫೈರ್ ಆಗುವ ಸರದಿ, 1-3-4-2. ಡಿಸ್ಟ್ರಿಬ್ಯೂಟರನ್ನು ಯಾರಾದರೂ ಹೊರತೆಗೆದು ಕೂರಿಸಿದ್ದರೆ ಅದು ಅರ್ಧ ಸುತ್ತು ತಪ್ಪಿ ಕೂತಿರುವ ಸಂಭವವೂ ಇದೆ. ಒಂದನೆಯ ಪ್ಲಗ್ ತೆಗೆದು, ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಬೆರಳನ್ನು ಗಾಳಿ ಹೊರಕ್ಕೆ ತಳ್ಳುತ್ತ ಬಂದು ಪುಲ್ಲಿಯ ಗುರುತು ಮೇಲಿನ ಬಿಂದುವಿಗೆ ಸೇರಿದಾಗ ರೋಟರ್ ಒಂದನೆಯ ಪ್ಲಗ್ ವೈರಿನ ಕಡೆಗೆ ಮುಖಮಾಡಿರಬೇಕು. ನಾಲ್ಕನೆಯದರ ಕಡೆಗಿದ್ದರೆ ಟೈಮಿಂಗ್ ಅರ್ಧ ಸುತ್ತು ತಪ್ಪಿದೆ. ಕಾರ್ಬುರೇಟರಿನ ಬಾಯಿಂದ ಕೆಮ್ಮಿದಂತೆ ಸದ್ದು ಬರುವುದು ಇದರ ಲಕ್ಷಣ.

ಕೊನೆಯದು ಕಂಪ್ರೆಶನ್. ಕಾಯಿಲ್ ವೈರು ಕಳಚಿಟ್ಟು, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ಲಗ್ ರಂಧ್ರಕ್ಕೆ ಕಂಪ್ರೆಶನ್ ಗೇಜ್ ಇಟ್ಟು ಐದಾರು ಸುತ್ತು ತಿರುಗಿಸಿ. ಅಂಕಿ ಎಷ್ಟೆಂಬುದಕ್ಕಿಂತ ನಾಲ್ಕು ಸಿಲಿಂಡರುಗಳ ನಡುವೆ ಎಷ್ಟು ಅಂತರವಿದೆ ಎಂಬುದು ಮುಖ್ಯ. ಒಂದರಲ್ಲಿ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡರಲ್ಲಿ ಒಟ್ಟಿಗೆ ಕಡಿಮೆಯಾಗಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಹಳ ಕಾಲ ನಿಂತ ಗಾಡಿಯಲ್ಲಿ ವಾಲ್ವ್ ತೆರೆದಲ್ಲಿಯೇ ಅಂಟಿಕೊಂಡಿರುವುದೂ ಉಂಟು. ಟ್ಯಾಪೆಟ್ ಕವರ್ ತೆಗೆದು ಎಂಜಿನ್ ತಿರುಗಿಸಿದರೆ ವಾಲ್ವ್ ಒತ್ತುವ ಯಾವ ರಾಕರ್ ಸಡಿಲವಾಗಿ ತೂಗಾಡುತ್ತಿದೆ ಎಂಬುದು ಕಾಣುತ್ತದೆ. ಹೆಡ್ ಇಳಿಸುವ ಮಾತು ಬಂದಾಗ, ಮೊದಲ ಸಲದವರಾದರೆ, ಹಳೆಯ ಫಿಯೆಟ್ ಬಲ್ಲ ಮೇಸ್ತ್ರಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಸೂಕ್ತ.

ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯದ ಗಾಡಿಯದು ಬೇರೆ ಕಥೆ. ಶಿರಾಡಿ ಘಾಟಿಯ ಏರಿನಲ್ಲಿ ನಿಂತಾಗ ಎಲ್ಲರೂ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದ್ದರೆ ಅದು ಸರಿಯಾದ ಉಪಾಯವೇ. ಆದರೆ ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ಮತ್ತು ಕಂಡೆನ್ಸರ್ ಕೂಡ ಗಾಡಿ ಆರಿದ ಮೇಲೆ ತಾವಾಗಿಯೇ ಸರಿಹೋಗುವುದರಿಂದ, ಬಟ್ಟೆಗೆ ಸಿಕ್ಕ ಕೀರ್ತಿ ಅನೇಕ ಸಲ ಬರಿಯ ಕಾಯುವಿಕೆಯದಾಗಿರುತ್ತದೆ. ಗಾಡಿ ನಿಂತ ಆ ಕ್ಷಣದಲ್ಲಿಯೇ, ಬಿಸಿ ಇರುವಾಗಲೇ, ಕಿಡಿ ಪರೀಕ್ಷಿಸಿದರೆ ಮಾತ್ರ ನಿಜ ತಿಳಿಯುತ್ತದೆ. ಆದ್ದರಿಂದ ಒಂದು ಹಳೆಯ ಪ್ಲಗ್ ಮತ್ತು ಟೆಸ್ಟ್ ಲ್ಯಾಂಪ್ ಸದಾ ಗಾಡಿಯಲ್ಲಿರಲಿ.

ಎಂಜಿನ್ ಸ್ಟಾರ್ಟ್ ಆದ ಕೂಡಲೆ ರೇಸ್ ಕೊಡಬೇಡಿ. ಆಯಿಲ್ ಪ್ರೆಶರಿನ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಎಂಜಿನ್ ನಿಲ್ಲಿಸಿ. ಪೆಟ್ರೋಲ್ ಪೈಪಿನ ಪ್ರತಿಯೊಂದು ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ಒದ್ದೆಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯ ಮೇಲೆ ಸುಮಾರು 14 ವೋಲ್ಟ್ ಕಂಡರೆ ಚಾರ್ಜಿಂಗ್ ನಡೆಯುತ್ತಿದೆ. ಡೈನಮೋ ಇರುವ ಗಾಡಿಯಲ್ಲಿ ಐಡ್ಲಿಂಗಿನಲ್ಲಿ ಕಡಿಮೆ ಕಂಡರೂ ಗಾಬರಿಯಾಗಬೇಕಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಚೋಕ್ ಎಳೆದು ಇನ್ನೊಮ್ಮೆ ಮಾಡಿ. ಈ ಎರಡರಲ್ಲಿಯೂ ಮೊದಲ ಸೆಲ್ಫಿಗೇ ಎದ್ದರೆ, ಆ ಬೆಳಗಿನ ಬ್ಯಾಟರಿ ವೋಲ್ಟೇಜ್, ಪಾಯಿಂಟ್ ಗ್ಯಾಪ್, ನಾಲ್ಕು ಸಿಲಿಂಡರುಗಳ ಕಂಪ್ರೆಶನ್ ಅಂಕಿ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ. ಮುಂದಿನ ಸಲ ಗಾಡಿ ನಿಂತಾಗ ಹೋಲಿಸಿ ನೋಡಲು ಬೇಕಾಗುವುದು ಅದೇ ಪುಟ.